ಉತ್ತರ: ಪಿಟ್ಯುಟರಿ ಟ್ಯೂಮರ್‌ಗೆ ಕನ್ನಡ ಪದ (ಇವತ್ತೇ ಬೇಕು)

> ಮಂಡ್ಯದ ಆರೋಗ್ಯ ಶಿಬಿರದ ಕರಪತ್ರ, ಸಂಜೆ ಪ್ರೆಸ್ಸಿಗೆ ಹೋಗಬೇಕು. "ಪೀಯೂಷ ಗ್ರಂಥಿಯ ಅರ್ಬುದ" ಅಂತ ಹಾಕಿದ್ದೇನೆ. ಸರಿ ಇದೆಯಾ?

ಸರಿ ಇಲ್ಲ ಮೇಡಂ. ದಯವಿಟ್ಟು ಬದಲಾಯಿಸಿ.

ನಮ್ಮಲ್ಲಿ ಅರ್ಬುದ ಅಂದರೆ ಕ್ಯಾನ್ಸರ್ ಅಂತಲೇ ಓದುತ್ತಾರೆ. ಪಿಟ್ಯುಟರಿಯ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ, ಬೇರೆ ಅಂಗಕ್ಕೆ ಹರಡುವುದು ತೀರಾ ಅಪರೂಪ. ಹೆದರಿದವರು ಪರೀಕ್ಷೆಗೇ ಬರದಿದ್ದರೆ? ಗಡ್ಡೆ ಅನ್ನಿ, ಸಾಕು. ಇದೇ ಚರ್ಚೆಯಲ್ಲಿ ಗಡ್ಡೆಗೆ 'ಗಂತಿ' ಹಾಕಿ ಅಂದ ಸರ್‌ಗೆ: ಒಳ್ಳೆಯ ಪದವೇ, ಆದರೆ ಕರಪತ್ರ ಪದ ಕಲಿಸುವ ಜಾಗ ಅಲ್ಲ.

ಪೀಯೂಷ ಹಿಂದಿಯಲ್ಲಿ ಬಳಕೆಯಲ್ಲಿದೆ, ಅಲ್ಲೇ ಇರಲಿ. ಸಂಸ್ಕೃತದಲ್ಲಿ ಅದಕ್ಕೆ ಅಮೃತ ಅಂತಲೂ ಅರ್ಥ, ಈಗಷ್ಟೇ ಕರು ಹಾಕಿದ ಹಸುವಿನ ಹಾಲು ಅಂತಲೂ ಅರ್ಥ, ಅಂದರೆ ನಮ್ಮ ಗಿಣ್ಣುಹಾಲು. ಮೆದುಳಿನ ಬುಡದಲ್ಲಿರುವ ಬಟಾಣಿ ಗಾತ್ರದ ಗ್ರಂಥಿಗೆ ಈ ಹೆಸರು ಯಾಕೆ? 'ಶ್ಲೇಷ್ಮ ಗ್ರಂಥಿ'ಯೂ ಬೇಡವೇ ಬೇಡ. ಪಿಟ್ಯುಟರಿಯ ಲ್ಯಾಟಿನ್ ಮೂಲಕ್ಕೆ ಕಫ ಅಂತ ಅರ್ಥ, ನಿಜ. ಮೆದುಳಿನ ಕಫ ಇದರ ಮೂಲಕ ಮೂಗಿಗೆ ಇಳಿಯುತ್ತದೆ ಅಂತ ಹಿಂದೆ ನಂಬಿದ್ದರು. ಆ ತಪ್ಪು ನಂಬಿಕೆಯನ್ನು ಕನ್ನಡಕ್ಕೆ ಯಾಕೆ ತರಬೇಕು?

ಪಿಟ್ಯುಟರಿ ಅಂತಲೇ ಬಿಡಿ. ರೋಗಿಯ ಎಂಆರ್‌ಐ ವರದಿಯಲ್ಲಿ ಅದೇ ಇರುತ್ತದೆ, ಮೈಸೂರಿನ ಡಾಕ್ಟರ ಬಾಯಲ್ಲೂ ಅದೇ. ಎರವಲು ಅಂತ ಮೂಗು ಮುರಿಯುವವರು ಸಂಸ್ಕೃತದಿಂದ ತಂದದ್ದನ್ನು ಮಾತ್ರ ಸ್ವಂತದ್ದು ಅನ್ನೋದು ನನಗೆ ಒಪ್ಪಿಗೆಯಿಲ್ಲ. ಅದೂ ಎರವಲೇ ಅಲ್ವಾ?

ಕರಪತ್ರದ ಒಳಗಿನ ಬರಹ ಇದಕ್ಕಿಂತ ಮುಖ್ಯ ಮೇಡಂ. 'ದೃಷ್ಟಿಕ್ಷೇತ್ರ ನ್ಯೂನತೆ' ತೆಗೆದು 'ಪಕ್ಕದಿಂದ ಬರುವ ಗಾಡಿ ಕಾಣಿಸದಿರುವುದು' ಅಂತ ಹಾಕಿ. ಗಡ್ಡೆ ಮೇಲಕ್ಕೆ ಬೆಳೆದು ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗವನ್ನು ಒತ್ತಿದರೆ ಎರಡೂ ಪಕ್ಕದ ನೋಟ ಕಡಿಮೆಯಾಗುತ್ತದೆ. 'ಅಂಗವೃದ್ಧಿ' ಯಾರಿಗೆ ಅರ್ಥವಾಗುತ್ತದೆ? ಬೆಳವಣಿಗೆಯ ಹಾರ್ಮೋನ್ ಜಾಸ್ತಿಯಾದವರಿಗೆ ಉಂಗುರ ಬಿಗಿಯಾಗುತ್ತದೆ, ಚಪ್ಪಲಿಯ ಅಳತೆ ದೊಡ್ಡದಾಗುತ್ತದೆ, ಅದನ್ನೇ ಬರೆಯಿರಿ. 'ಅಂತಃಸ್ರಾವ ಪರೀಕ್ಷೆ'ಯೂ ಬೇಡ, ರಕ್ತದಲ್ಲಿ ಹಾರ್ಮೋನ್ ಪರೀಕ್ಷೆ ಅನ್ನಿ.

'ಶಸ್ತ್ರಚಿಕಿತ್ಸೆಯೇ ಪರಿಹಾರ' ಅನ್ನೋ ಸಾಲಂತೂ ತಪ್ಪು. ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ಸುರಿಸುವ ಗಡ್ಡೆ ಹೆಚ್ಚಿನವರಲ್ಲಿ ಕ್ಯಾಬರ್ಗೋಲಿನ್ ಮಾತ್ರೆಗೇ ಕುಗ್ಗುತ್ತದೆ. ಆಪರೇಷನ್ ಬೇಕಾದವರಿಗೂ ಸಾಮಾನ್ಯವಾಗಿ ಮೂಗಿನ ಮೂಲಕವೇ ಮಾಡುತ್ತಾರೆ, ತಲೆಬುರುಡೆ ತೆರೆಯಬೇಕಾಗುವುದು ಕಡಿಮೆ. ಈ ಎರಡು ಮಾತನ್ನು ದಪ್ಪಕ್ಷರದಲ್ಲಿ ಹಾಕಿ. ಪ್ರೆಸ್ಸಿಗೆ ಕೊಡುವ ಮುಂಚೆ ಶಿಬಿರದ ಡಾಕ್ಟರಿಗೊಮ್ಮೆ ತೋರಿಸಿ.