ಗೊಬ್ಬರಕ್ಕಿಂತ ಮೊದಲು ಕಸಿ ಗಂಟು ನೋಡಿ

ಅತ್ತಿಗೆಯವರಿಗೆ ನಮಸ್ಕಾರ. ಹಿತ್ತಲಿನ ಡ್ರಮ್ಮಿನಲ್ಲಿ ನೆಟ್ಟ ಆಮ್ರಪಾಲಿ ಕಸಿ ಮಾವು ಮೂರು ವರ್ಷಗಳಲ್ಲಿ ಆಳೆತ್ತರ ಮೀರಿ ಬೆಳೆದರೂ ಒಂದು ಹೂವನ್ನೂ ಬಿಟ್ಟಿಲ್ಲ, ಯಾವ ಗೊಬ್ಬರ ಹಾಕಬೇಕು ಎಂದು ಬೆಳಿಗ್ಗೆ ಕೇಳಿದ್ದಿರಿ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಅಡುಗೆ ಮನೆಯ ಕೆಲಸ ಮುಗಿದ ಮೇಲೆ ಕೇಳಿದರೂ ಆದೀತು.

ದಶೇರಿ ಮತ್ತು ನೀಲಂ ತಳಿಗಳನ್ನು ಕೂಡಿಸಿ ದೆಹಲಿಯಲ್ಲಿ ಬೆಳೆಸಿದ ಆಮ್ರಪಾಲಿ ಗಿಡ್ಡ ತಳಿ. ಕುಂಡಕ್ಕೆ ಅದನ್ನು ಆರಿಸುವುದೇ ಅದಕ್ಕಾಗಿ. ನಿಮ್ಮ ಫೋಟೋದಲ್ಲಿ ಬುಡದಿಂದ ಎರಡು ಕಾಂಡಗಳು ಎದ್ದಿದ್ದು, ಅವುಗಳಲ್ಲಿ ದಪ್ಪಗೆ ನೆಟ್ಟಗೆ ಹೋಗಿರುವುದು ಆಮ್ರಪಾಲಿಯಲ್ಲ, ಕಸಿ ಕಟ್ಟಲು ವಾಟೆಯಿಂದ ಎಬ್ಬಿಸಿದ ನಾಟಿ ಸಸಿಯ ಚಿಗುರು ಎಂದು ನನ್ನ ಅನುಮಾನ. ವಾಟೆಯ ಮಾವು ಫಲಕ್ಕೆ ಬರಲು ಆರೇಳು ವರ್ಷವಾದರೂ ಬೇಕು, ಬಂದ ಹಣ್ಣು ಹುಳಿಯೋ ನಾರೋ ಹೇಳಲಾಗದು.

ನಾನೂ ಹೀಗೆಯೇ ಒಂದು ಸಪೋಟ ಕಳೆದುಕೊಂಡೆ. ಸಪೋಟವನ್ನು ಸಾಮಾನ್ಯವಾಗಿ ಅದರದೇ ಬಳಗದ ಖಿರ್ನಿ ಎಂಬ ಮರದ ಸಸಿಯ ಮೇಲೆ ಕಸಿ ಕಟ್ಟುತ್ತಾರೆ. ಬುಡದಲ್ಲಿ ಚಿಗುರು ಬಂದಾಗ ಗಿಡ ತುಂಬಿಕೊಳ್ಳುತ್ತಿದೆ ಎಂದು ಹಿಗ್ಗಿ ಇನ್ನಷ್ಟು ಎರೆಗೊಬ್ಬರ ಹಾಕಿದೆ. ಆ ಚಿಗುರಿನ ಎಲೆಯ ತುದಿ ಸಪೋಟದಂತೆ ಮೊನಚಾಗಿರದೆ, ಉಗುರಿನಿಂದ ಚಿವುಟಿದಂತೆ ನಡುವೆ ಒಳಸರಿದಿದೆ, ಅಂದರೆ ಅದು ಖಿರ್ನಿ ಎಂದು ಗಮನಿಸುವ ಹೊತ್ತಿಗೆ ಮೇಲೆ ಕಸಿ ಕಟ್ಟಿದ್ದ ಸಪೋಟದ ಕುಡಿ ಒಣಗಿ ಕಡ್ಡಿಯಾಗಿತ್ತು.

ಮಾವಿನಲ್ಲಿ ಎಲೆ ನೋಡಿ ಹೇಳುವುದು ಕಷ್ಟ. ಆದ್ದರಿಂದ ಬುಡದ ಮಣ್ಣನ್ನು ಕೈಯಿಂದ ಸರಿಸಿ, ಕಾಂಡ ಸ್ವಲ್ಪ ಉಬ್ಬಿ ಓರೆಯಾಗಿರುವ ಕಸಿ ಗಂಟನ್ನು ಹುಡುಕಿ. ಅದರ ಮೇಲಿನ ಆಮ್ರಪಾಲಿ ಕುಡಿ ಬದುಕಿದ್ದರೆ, ಗಂಟಿನ ಕೆಳಗಿನಿಂದ ಹೊರಟದ್ದು ಎಷ್ಟೇ ಸೊಂಪಾಗಿದ್ದರೂ ಕರುಣೆ ತೋರದೆ, ಮೋಟು ಉಳಿಯದಂತೆ ಕಾಂಡಕ್ಕೆ ಹತ್ತಿಸಿ ಹರಿತವಾದ ಚಾಕುವಿನಿಂದ ಕತ್ತರಿಸಿ. ನರ್ಸರಿಯವರು ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಬಿಗಿದಿದ್ದರೆ ಸೀಳಿ ತೆಗೆಯಿರಿ. ಗಂಟು ಮಣ್ಣಿನಲ್ಲಿ ಹೂತಿದ್ದರೆ, ಅದು ಬಿಸಿಲಿಗೆ ಕಾಣುವಷ್ಟು ಮಣ್ಣು ಇಳಿಸಿ.

ಕುಡಿ ಬದುಕಿದ್ದರೆ ಮಳೆಗಾಲ ಮುಗಿದ ಮೇಲೆ ನೀರು ಕಡಿಮೆ ಮಾಡಿ, ಯೂರಿಯಾದಂಥದ್ದನ್ನು ಮುಟ್ಟಬೇಡಿ. ಹಾಕಿದರೆ ಬರಿಯ ಎಲೆ ಬರುತ್ತದೆ. ಕುಡಿ ಸತ್ತಿದ್ದರೆ ಆ ನಾಟಿ ಕಾಂಡವನ್ನೇ ಉಳಿಸಿಕೊಳ್ಳಿ, ಮಳೆಗಾಲದಲ್ಲಿ ಅದರ ಎಳೆಯ ಚಿಗುರಿಗೆ ಹೊಸದಾಗಿ ಕಸಿ ಕಟ್ಟಬಹುದು. ಗಂಟಿನ ಹತ್ತಿರದ ಫೋಟೋ ಒಂದನ್ನು ಸಂಜೆಯೊಳಗೆ ಕಳಿಸಿದರೆ ಯಾವ ಕಾಂಡ ಯಾವುದೆಂದು ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಚಾಕು ಅಣ್ಣನ ಕೈಗೆ ಸಿಗದಿರಲಿ.