ಲಾಲಿಬೆಲಾ ಮತ್ತು ಓಮೊ ಕಣಿವೆ: ಒಂದೇ ಪ್ರವಾಸದಲ್ಲಿ ಸಾಧ್ಯವೇ?

ಪ್ರಶ್ನೆ: ಇಥಿಯೋಪಿಯಾದ ಲಾಲಿಬೆಲಾದ ಪ್ರಾಚೀನ ಚರ್ಚುಗಳನ್ನೂ ದಕ್ಷಿಣದ ಓಮೊ ಕಣಿವೆಯ ಬುಡಕಟ್ಟು ಜನರ ಊರುಗಳನ್ನೂ ಮಾರ್ಗದರ್ಶಕರೊಡನೆ ನೋಡಬೇಕೆಂದಿದ್ದೇವೆ. ಜೊತೆಗೆ ಬರುವ ನಮ್ಮ ತಾಯಿಯವರು ಸಸ್ಯಾಹಾರಿಗಳು. ತಿಳಿದವರು ದಯವಿಟ್ಟು ಸಲಹೆ ನೀಡಿ.

ಉತ್ತರ 1: ಲಾಲಿಬೆಲಾಕ್ಕೆ ಎರಡು ದಿನವಾದರೂ ಮೀಸಲಿಡಿ. ಅಲ್ಲಿನ 11 ಚರ್ಚುಗಳು ಕಟ್ಟಿದವಲ್ಲ, ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆದು ಬಿಡಿಸಿದವು. ರಾಷ್ಟ್ರಕೂಟರ ಕಾಲದ ಎಲ್ಲೋರದ ಕೈಲಾಸ ದೇಗುಲವನ್ನು ಕಂಡವರಿಗೆ ಈ ಕ್ರಮ ಕೂಡಲೇ ಅರ್ಥವಾಗುತ್ತದೆ. ಶಿಲುಬೆಯಾಕಾರದ ಬೇತೆ ಗಿಯೊರ್ಗಿಸ್ ಚರ್ಚಿನ ಹೊಂಡದ ಅಂಚಿನಲ್ಲಿ ನಿಂತರೆ ಅದರ ಚಾವಣಿ ನಮ್ಮ ಪಾದದ ಮಟ್ಟದಲ್ಲಿ ಕಾಣುತ್ತದೆ. ಪಾದರಕ್ಷೆಗಳನ್ನು ಹೊರಗೇ ಬಿಡಬೇಕು. ತಾಯಿಯವರ ಊಟಕ್ಕೆ ಚಿಂತೆ ಬೇಡ: ಬುಧವಾರ, ಶುಕ್ರವಾರಗಳು ಅಲ್ಲಿನ ಕ್ರೈಸ್ತರಿಗೆ ಉಪವಾಸದ ದಿನಗಳಾದ್ದರಿಂದ ಮಾಂಸ, ಹಾಲು ಯಾವುದೂ ಇಲ್ಲದ ಅಡುಗೆ ಸುಲಭವಾಗಿ ಸಿಗುತ್ತದೆ. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟಿನಿಂದ ಮಾಡುವ ಇಂಜೆರಾ ರೊಟ್ಟಿ ನಮ್ಮ ಹುಳಿದೋಸೆಯನ್ನು ನೆನಪಿಸುತ್ತದೆ.

ಉತ್ತರ 2: ಓಮೊದಲ್ಲಿ ಗುರುವಾರದ ಕೆಯ್ ಅಫೆರ್ ಸಂತೆಗೆ ಹೋಗಿ. ಕೆಮ್ಮಣ್ಣು, ಬೆಣ್ಣೆ ಬೆರೆಸಿ ಕೂದಲು ಹೆಣೆದ ಹಮರ್ ಬುಡಕಟ್ಟಿನ ಹೆಂಗಸರು ಅಲ್ಲಿ ತಮ್ಮ ವ್ಯಾಪಾರಕ್ಕೆ ಬಂದಿರುತ್ತಾರೆ, ಪ್ರದರ್ಶನಕ್ಕಲ್ಲ. ಮುರ್ಸಿ ಬುಡಕಟ್ಟಿನ ಊರುಗಳಲ್ಲಿ ಫೋಟೊಗೆ ಹಣ ಕೊಡುವ ರೂಢಿಯಿದೆ. ಆದರೆ ಕ್ಯಾಮೆರಾ ತೆಗೆಯುವ ಮೊದಲು ಸ್ವಲ್ಪ ಹೊತ್ತು ಅವರೊಡನೆ ಕುಳಿತು ಮಾತನಾಡುವಂತೆ ಮಾರ್ಗದರ್ಶಕರನ್ನು ಕೇಳಿಕೊಳ್ಳಿ ಎಂಬುದು ನನ್ನ ಕಳಕಳಿಯ ವಿನಂತಿ.

ಉತ್ತರ 3: ಲಾಲಿಬೆಲಾ ಇರುವ ಅಮ್ಹಾರಾ ಪ್ರಾಂತ್ಯದಲ್ಲಿ 2023ರಲ್ಲಿ ಸಶಸ್ತ್ರ ಸಂಘರ್ಷ ಆರಂಭವಾಯಿತು. ಹಣ ಕಟ್ಟುವ ಮೊದಲು ಸರಕಾರದ ಪ್ರಯಾಣ ಸೂಚನೆಯನ್ನು ತಪ್ಪದೆ ನೋಡಿ.