ಅಪ್‌ಡೇಟ್: ಕಡಿಮೆ ದುಡ್ಡಿನಲ್ಲಿ ಕೋಲ್ಕತ್ತಾ ನೋಡಿ ಬಂದೆ

ಕೈಯಲ್ಲಿ ಜಾಸ್ತಿ ದುಡ್ಡಿಲ್ಲ, ಟ್ಯಾಕ್ಸಿ ಹತ್ತದೆ ಕೋಲ್ಕತ್ತಾ ನೋಡಬಹುದಾ ಅಂತ ಕೇಳಿದ್ದೆ. ಆರಾಮಾಗಿ ನೋಡಬಹುದು. ಕೋಲ್ಕತ್ತಾದ ಎದುರು ದಡದ ಹೌರಾದಿಂದ ದೋಣಿ ಹತ್ತಿ ಎಂದವರಿಗೆ ದೊಡ್ಡ ಥ್ಯಾಂಕ್ಸ್. ಟಿಕೆಟ್ ಕೆಲವೇ ರೂಪಾಯಿ. ಹೌರಾ ಸೇತುವೆಯ ಅಂದ ನೋಡಬೇಕಾದದ್ದು ಹೂಗ್ಲಿ ನದಿಯ ನಡುವಿನಿಂದಲೇ. 1943ರಿಂದ ನಿಂತಿರುವ ಸೇತುವೆಗೆ ನದಿಯೊಳಗೆ ಒಂದು ಕಂಬವೂ ಇಲ್ಲ! ಕೋಲ್ಕತ್ತಾ ಕಡೆಯ ದಡದಲ್ಲಿ, ಸೇತುವೆಯ ಬುಡದಲ್ಲೇ ಮಲ್ಲಿಕ್ ಘಾಟ್ ಹೂವಿನ ಮಾರುಕಟ್ಟೆ. ಚೆಂಡುಹೂವಿನ ಹಾರಗಳ ರಾಶಿ, ತಲೆ ಮೇಲೆ ಬುಟ್ಟಿ ಹೊತ್ತು ನುಗ್ಗುವ ಜನ. ಬೆಳಿಗ್ಗೆ ಬೇಗ ಹೋಗಿ. ನೋಡುವುದಕ್ಕೆ ದುಡ್ಡು ಬೇಡ, ದಾರಿಗೆ ಅಡ್ಡ ನಿಂತರೆ ಮಾತ್ರ ಬೈಸಿಕೊಳ್ಳುತ್ತೀರಿ.

ಹೌರಾಗೆ ವಾಪಸ್ ಬರಲು ನಗರದ ನಡುವಿನ ಎಸ್ಪ್ಲನೇಡ್‌ನಿಂದ ಮೆಟ್ರೊ. 2024ರಲ್ಲಿ ಶುರುವಾದ ಈ ಮಾರ್ಗ ನದಿಯ ಅಡಿಯಲ್ಲೇ ಹಾದುಹೋಗುತ್ತದೆ. ಮೀನುಗೀನು ಏನೂ ಕಾಣುವುದಿಲ್ಲ, ಸುಮ್ನೆ ನೀಲಿ ದೀಪ ಅಷ್ಟೇ. ಒಂದು ನಿಮಿಷದೊಳಗೆ ನದಿ ಮುಗಿದಿರುತ್ತದೆ. ಆದರೂ ಒಂದು ಸಲ ಹೋಗಬೇಕು ಅಲ್ವಾ?

ಬೆಳಗಿನ ತಿಂಡಿಗೆ ರಸ್ತೆಬದಿಯ ಕಚೋರಿ, ಆಲೂಗಡ್ಡೆ ಪಲ್ಯ, ಮಣ್ಣಿನ ಲೋಟದಲ್ಲಿ ಚಹಾ. ಇಂಡಿಯನ್ ಮ್ಯೂಸಿಯಂಗೆ ಸೋಮವಾರ ರಜೆ, ನೋಡಿಕೊಂಡು ಹೋಗಿ. ಅಲ್ಲಿನ ಭಾರ್ಹುತ್ ಎಂಬ ಪ್ರಾಚೀನ ಬೌದ್ಧ ಸ್ತೂಪದ ಕೆಂಪು ಕಲ್ಲಿನ ಕೆತ್ತನೆಯ ಸುತ್ತುಬೇಲಿಗೇ ಅರ್ಧ ದಿನ ಕೊಡಬಹುದು. ಟ್ರಾಮ್ ನೆಚ್ಚಿಕೊಳ್ಳಬೇಡಿ, 1873ರಲ್ಲಿ ಶುರುವಾದ ಸೇವೆಯಲ್ಲಿ ಈಗ ಬೆರಳೆಣಿಕೆಯ ಮಾರ್ಗಗಳಷ್ಟೇ ಉಳಿದಿವೆ.